ಅವ್ವನ ಕೈಯಲ್ಲಿ ಕದಲಿದ ಫೋಟೋ

ಸಿದ್ದಲಿಂಗಮ್ಮ ತಮ್ಮ ಜೀವಮಾನದಲ್ಲಿ ಅದುವರೆಗೆ ತೆಗೆದದ್ದು ಒಂದೇ ಒಂದು ಫೋಟೋ. ಅದೂ ಕದಲಿಹೋಗಿತ್ತು.

ಫೋಟೋದಲ್ಲಿರುವವನು ಅವರ ಮಗ ಅಶೋಕ. ಸರಸ್ವತಿಪುರಂನ ಬಾಡಿಗೆ ಮನೆಯ ತಾರಸಿ, ದಸರೆಯ ದೀಪ ಹಾಕಿದ ಒಂದು ಸಂಜೆ. ಅವನು ಕಂಬಿಗೆ ಒರಗಿ ನಿಂತಿದ್ದಾನೆ. ಬೆನ್ನ ಹಿಂದೆ ಊರು, ಊರಿನಾಚೆ ಚಾಮುಂಡಿ ಬೆಟ್ಟ. ಇದೆಲ್ಲ ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರ ಕಣ್ಣಿಗೆ ಹಸಿ ಬಣ್ಣದ ಮೇಲೆ ಯಾರೋ ಅಂಗೈ ಸವರಿದ ಹಾಗಿತ್ತು. ಬೆಟ್ಟದ ದೀಪಗಳು ಶ್ಯಾವಿಗೆಯ ಸಿಕ್ಕಾಗಿದ್ದವು. ಮುಖ ಇರಬೇಕಾದ ಜಾಗದಲ್ಲಿ ಗೋಧಿ ಬಣ್ಣದ ಮೋಡವೊಂದಿತ್ತು.

ಆ ದಸರೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಡೆಂಗಿ ಜ್ವರ ಅಶೋಕನನ್ನು ಒಯ್ದಿತು. ಸರ್ಕಾರಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದವನು. ತರಗತಿಯಲ್ಲಿ ನಗಿಸುತ್ತಿದ್ದ ಮೇಷ್ಟ್ರು ಎಂದು ಈಗಲೂ ಹುಡುಗರು ದಾರಿಯಲ್ಲಿ ಮಾಲಾಳನ್ನು ನಿಲ್ಲಿಸಿ ಹೇಳುತ್ತಾರೆ.

ಮಾಲಾ ಅವನ ಹೆಂಡತಿ. ಅವನು ಹೋದಾಗ ಅವಳು ಅಳುತ್ತಾಳೆಂದು ಎಲ್ಲರೂ ಕಾದರು, ಅವಳೂ ಕಾದಳು. ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆಯಲ್ಲಿ ಕೂರುತ್ತದಲ್ಲ, ಅಂಥ ಒಂದು ಜೋಮು ಬಂದು ಕೂತಿತು. ನೋವೂ ಇಲ್ಲ, ರುಚಿಯೂ ಇಲ್ಲ. ದಿನ ಹೋದಂತೆ ಅದರ ಜೊತೆಗೇ ಬದುಕು ಒಗ್ಗಿತು. ಬೆಳಿಗ್ಗೆ ಟ್ಯುಟೋರಿಯಲ್‌ನಲ್ಲಿ ಪಾಠ, ಮಧ್ಯಾಹ್ನದ ಮೇಲೆ ಮನೆಯಲ್ಲಿ ಕಂಪ್ಯೂಟರ್ ಕೆಲಸ, ಸಂಜೆ ಅತ್ತೆಯ ಜೊತೆ ತಾರಸಿಯಲ್ಲಿ ಕಾಫಿ. ತವರಿನವರು ಬಾ ಎಂದು ಕರೆದರು. ಅವಳು ಹೋಗಲಿಲ್ಲ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಸಾರು ಚೆನ್ನಾಗಿರುತ್ತಿತ್ತು. ಕೆಲವು ಸಂಜೆ ಇದೇ ಸಾಕು ಎಂದೂ ಅನ್ನಿಸುತ್ತಿತ್ತು.

ಕಂಪ್ಯೂಟರ್ ಕೆಲಸವೆಂದರೆ ಕೆಟ್ಟ ಫೋಟೋಗಳನ್ನು ರಿಪೇರಿ ಮಾಡುವುದು. ನಜರ್‌ಬಾದಿನಲ್ಲಿ ಸ್ಟುಡಿಯೋ ಇಟ್ಟಿರುವ ಷಡಕ್ಷರಿ ಕಳಿಸುತ್ತಿದ್ದರು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಯಾರೋ ಮೊಣಕೈ ತಗುಲಿಸಿದ ಮದುವೆ ಫೋಟೋ, ಓಡುವ ಮಗುವಿನ ಫೋಟೋ, ಬಸ್ಸಿನ ಕಿಟಕಿಯಿಂದ ತೆಗೆದ ಅಜ್ಜಿಯ ಫೋಟೋ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವಾಗ ಮಾಲಾ ಪ್ರಾಜೆಕ್ಟ್ ಮಾಡಿದ್ದು ಇದರ ಮೇಲೆಯೇ.

ಕ್ಯಾಮೆರಾ ಕಣ್ಣು ತೆರೆದಿರುವಷ್ಟು ಹೊತ್ತಿನಲ್ಲಿ ಕೈ ಆಡಿದರೆ, ಎದುರಿಗಿರುವ ಪ್ರತಿ ಚುಕ್ಕೆಯೂ ಕೈ ಹೋದ ದಾರಿಯಂತೆ ಎಳೆದುಕೊಂಡು ಗೆರೆಯಾಗುತ್ತದೆ. ಹಾಕಿದ ರಂಗೋಲಿಯ ಮೇಲೆ ಸೆರಗು ಸವರಿದ ಹಾಗೆ. ಸೆರಗು ಹೋದ ದಾರಿ ಗೊತ್ತಿದ್ದರೆ ಲೆಕ್ಕ ಹಾಕಿ ಹಿಂದಕ್ಕೆ ಬರಬಹುದು, ಚುಕ್ಕೆಗಳು ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ದಾರಿಯೇ ಗೊತ್ತಿಲ್ಲದಿದ್ದರೆ ಕಷ್ಟ. ಆಗ ರಂಗೋಲಿಯೂ ಗೊತ್ತಿಲ್ಲ, ಸೆರಗೂ ಗೊತ್ತಿಲ್ಲ. ಒಂದನ್ನು ಊಹಿಸಿ ಅದರಿಂದ ಇನ್ನೊಂದನ್ನು ತಿದ್ದಬೇಕು, ತಿದ್ದಿದ್ದನ್ನು ಇಟ್ಟುಕೊಂಡು ಮೊದಲನೆಯದನ್ನು ಮತ್ತೆ ತಿದ್ದಬೇಕು. ಕರೆಂಟು ಹೋದ ಮನೆಯಲ್ಲಿ ಗಂಡ ಹೆಂಡತಿ ಮಂಚ ಸಾಗಿಸಿದ ಹಾಗೆ ಎಂದು ಅಶೋಕ ತಮಾಷೆ ಮಾಡುತ್ತಿದ್ದ.

ಆ ವರ್ಷ ಪಿತೃಪಕ್ಷ ಶುರುವಾಗುವ ಮುಂಚೆ ಸಿದ್ದಲಿಂಗಮ್ಮ ತಮ್ಮ ಫೋಟೋದ ಮಾತು ತೆಗೆದರು.

ಪಕ್ಷದ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹೋದವರಿಗೆ ಎಡೆ ಇಡುವ ಪದ್ಧತಿ. ಗೋಡೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ಬಂದ ಮೇಲೆ ಎಷ್ಟೋ ಹಳೆಯ ಆಚರಣೆ ಬಿಟ್ಟಿದ್ದರು. ಎಡೆಯೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುವುದರಲ್ಲಿ ಮೂಢನಂಬಿಕೆ ಏನಿದೆ ಎಂದು ಅಶೋಕನೂ ಒಪ್ಪಿದ್ದ. ಬಾಡಿನ ಸಾರು ಮಾಡುವ ದಿನವನ್ನು ಅವನು ಯಾವತ್ತೂ ವಿರೋಧಿಸಿದವನಲ್ಲ. ಹೋದ ವರ್ಷ ಅವನಿಗೆ ಮೊದಲ ಎಡೆ. ಎಲೆಯ ಮುಂದೆ ಅವನ ಹೊಸ ಶರಟು ಮಡಿಸಿಟ್ಟಿದ್ದರು, ಫೋಟೋ ಇರಲಿಲ್ಲ. ಬಂದ ನೆಂಟರು ಬೇಜಾರು ಮಾಡಿಕೊಂಡರು.

ಫೋಟೋಗಳಿಗೇನೂ ಬರ ಇರಲಿಲ್ಲ. ಮದುವೆಯದು, ಊಟಿಗೆ ಹೋದದ್ದು, ಕಾಲೇಜಿನ ಗುರುತಿನ ಚೀಟಿಯದು, ಎಲ್ಲವನ್ನೂ ಮಾಲಾ ತೋರಿಸಿದ್ದಳು. ಸಿದ್ದಲಿಂಗಮ್ಮ ಒಂದೊಂದನ್ನೂ ನೋಡಿ ಪಕ್ಕಕ್ಕಿಟ್ಟಿದ್ದರು. ಈಗ ಕಾರಣ ಹೇಳಿದರು.

"ಅವೆಲ್ಲದ್ರಲ್ಲೂ ಅವ್ನು ಇನ್ಯಾರ್ನೋ ನೋಡ್ತಾವ್ನೆ ಕಣವ್ವ. ಫೋಟೋ ತೆಗ್ದೋರ್ನ. ಇದೊಂದ್ರಲ್ಲೇ ನನ್ನ ನೋಡ್ತಿದ್ದುದ್ದು."

ಮಾಲಾ ಕದಲಿದ ಫೋಟೋವನ್ನು ನೋಡಿದಳು. ನೋಡುವ ಕಣ್ಣು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಈ ಅಮಾವಾಸ್ಯೆಯ ಹೊತ್ತಿಗೆ ಅದನ್ನು ತಿಳಿ ಮಾಡಿಕೊಡಬೇಕು ಎನ್ನುವುದಷ್ಟೇ ಅತ್ತೆ ಕೇಳಿದ್ದು. ಆ ಮನೆಯಲ್ಲಿ ಅವರು ಸೊಸೆಯನ್ನು ಬಾಯಿ ಬಿಟ್ಟು ಏನಾದರೂ ಕೇಳಿದ್ದು ಅದೇ ಮೊದಲಿರಬೇಕು.

ಫೋಟೋ ತೆಗೆದ ಸಂಜೆ ಮಾಲಾ ಟ್ಯುಟೋರಿಯಲ್‌ನಲ್ಲಿದ್ದಳು. ಏನಾಯಿತು ಎಂದು ಆಗಲೂ ಕೇಳಿದ್ದಳು, ಈಗಲೂ ಕೇಳಿದಳು. ಸಿದ್ದಲಿಂಗಮ್ಮ ಬಟ್ಟಲಿನಲ್ಲಿ ನೆನೆಹಾಕಿದ್ದ ಅವರೆಕಾಳು ಹಿದುಕುತ್ತ, ನನ್ ಕೈ ನಡುಗ್ಬುಡ್ತು ಎಂದರು. ಆಗಲೂ ಅಷ್ಟೇ ಅಂದಿದ್ದರು.

ಮಾಲಾ ಶುರು ಮಾಡುವ ಮೊದಲೇ ಷಡಕ್ಷರಿ ತಮ್ಮ ಕೈಚಳಕ ತೋರಿಸಿಬಿಟ್ಟರು. ವಿಷಯ ಕೇಳಿ ಮರುಕಪಟ್ಟು, ಯಾವುದೋ ಹೊಸ ಆ್ಯಪಿಗೆ ಆ ಫೋಟೋ ಹಾಕಿ, ಬಂದದ್ದನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಬೀಟೆ ಬಣ್ಣದ ಕಟ್ಟು ಹಾಕಿಸಿ, ಖುದ್ದು ಸ್ಕೂಟರಿನಲ್ಲಿ ತಂದರು. ಫೋಟೋ ಥಳಥಳ ಹೊಳೆಯುತ್ತಿತ್ತು. ನುಣ್ಣನೆಯ ಕೆನ್ನೆ, ತಿದ್ದಿದ ಹುಬ್ಬು, ಎಣಿಸಬಹುದಾದ ರೆಪ್ಪೆಗೂದಲು, ಬಲಗೆನ್ನೆಯಲ್ಲಿ ಒಂದು ಗುಳಿ. ಅಶೋಕನಿಗೆ ಗುಳಿ ಇರಲಿಲ್ಲ.

ಸಿದ್ದಲಿಂಗಮ್ಮ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಮನೆಗೆ ಬಂದವರ ಮನಸ್ಸು ನೋಯಿಸುವ ಜಾಯಮಾನ ಅವರದಲ್ಲ.

"ಚೆನ್ನಾಗವ್ನೆ," ಎಂದರು. "ಯಾರ ಮಗ?"

ಷಡಕ್ಷರಿ ತಲೆ ಕೆರೆದುಕೊಂಡರು. ಸಿದ್ದಲಿಂಗಮ್ಮ ಕಾಫಿ ತರಲು ಒಳಗೆ ಹೋದಾಗ ಮಾಲಾಳ ಹತ್ತಿರ ದನಿ ತಗ್ಗಿಸಿ, ಈ ಆ್ಯಪುಗಳ ಸಮಸ್ಯೆಯೇ ಇದು ಎಂದು ವಿವರಿಸಿದರು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಲ್ಲ ಮೇಡಂ, ಏನೋ ಒಂದು ಹೇಳಿಬಿಡುತ್ತೆ. ನಮ್ಮ ಅಳಿಯಂದಿರ ಥರಾನೇ." ಕಾಫಿ ಕುಡಿದು, ಒಳಗಿನ ಪ್ರಿಂಟನ್ನು ಬಿಚ್ಚಿಕೊಂಡು, ಕಟ್ಟನ್ನು ಮಾತ್ರ ಇರಲಿ ಎಂದು ಬಿಟ್ಟುಹೋದರು. ಬರಿಯ ಕಟ್ಟು ಪಡಸಾಲೆಯ ಗೋಡೆಗೆ ಒರಗಿ ಕೂತಿತು. ಅದರೊಳಗಿಂದ ಗೋಡೆಯ ಸುಣ್ಣ ಕಾಣುತ್ತಿತ್ತು.

ಮಾಲಾ ತನ್ನ ಪ್ರೋಗ್ರಾಮಿಗೆ ಫೋಟೋ ಕೊಟ್ಟಳು. ಅದು ಲೆಕ್ಕ ಹಾಕಿ ಹೇಳಿದ ಮೊದಲ ಉತ್ತರ: ಏನೂ ಕದಲಿಲ್ಲ.

ಇಂಥ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭದ ಉತ್ತರ ಅದೇ ಎಂದು ಅವಳು ಓದುವಾಗಲೇ ಕಲಿತಿದ್ದಳು. ಕೈ ಆಡಿಲ್ಲ, ಲೋಕ ಇರುವುದೇ ಹೀಗೆ, ದೀಪಗಳೇ ಸಿಕ್ಕು, ಮುಖವೇ ಮೋಡ ಎಂದು ಒಪ್ಪಿಕೊಂಡುಬಿಟ್ಟರೆ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಎಲ್ಲಿಯೂ ತಪ್ಪು ಹಿಡಿಯಲಾಗುವುದಿಲ್ಲ. ಮಾಲಾ ಆ ಉತ್ತರವನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು. ಅದರಲ್ಲಿ ಅವಳಿಗೆ ಪರಿಚಯವಿದ್ದದ್ದೇನೋ ಇತ್ತು. ಆಮೇಲೆ ಅಳಿಸಿದಳು.

ಈ ಉತ್ತರದಿಂದ ತಪ್ಪಿಸಿಕೊಳ್ಳಲು ಒಂದು ಉಪಾಯವಿದೆ. ಚಿತ್ರದಲ್ಲಿ ಚುಕ್ಕೆಯಾಗಿಯೇ ಇರಬೇಕಾದ ಏನನ್ನಾದರೂ ಹುಡುಕಬೇಕು. ದೂರದ ಒಂದು ಬಲ್ಬು, ಮೂಗುತಿಯ ಹರಳು, ಯಾವುದಾದರೂ ಸರಿ. ಅದು ಎಳೆದ ಗೆರೆಯೇ ಕೈ ಹೋದ ದಾರಿ. ಈ ಫೋಟೋದಲ್ಲಿ ಬೆಟ್ಟದ ರಸ್ತೆಯ ದೀಪಗಳು ಬೇಕಾದಷ್ಟಿದ್ದವು. ಆದರೆ ಕಟ್ಟಿದ ಮಲ್ಲಿಗೆ ದಂಡೆಯಂತೆ ಒತ್ತೊತ್ತಾಗಿದ್ದವು. ಒಂದರ ಗೆರೆ ಇನ್ನೊಂದರ ಮೇಲೆ ಬಿದ್ದು, ಯಾವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಬಿಡಿಸಲು ಬರುತ್ತಿರಲಿಲ್ಲ. ಹಾಗಿದ್ದಾಗ ದಾರಿ ಸುಮಾರಾಗಿ ಹೇಗಿದ್ದೀತು ಎಂದು ಪ್ರೋಗ್ರಾಮಿಗೆ ತಾನೇ ಒಂದು ಸುಳಿವು ಕೊಡಬೇಕು.

ಅತ್ತೆ ಹೇಳಿದ್ದು ನಡುಕ. ನಡುಕದ ಗೆರೆ ಮಾಲಾಳಿಗೆ ಚೆನ್ನಾಗಿ ಗೊತ್ತು. ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಇರುವೆ ಓಡಾಡಿದಂತೆ, ಅಲ್ಲಲ್ಲೇ ಅತ್ತಿತ್ತ, ತೀರಾ ಸಣ್ಣದು. ಅದನ್ನೇ ಸುಳಿವಾಗಿ ಕೊಟ್ಟಳು. ಬಂದ ಚಿತ್ರದಲ್ಲಿ ಕಂಬಿ ನೀರೊಳಗಿನ ಕೋಲಿನಂತೆ ಅಲೆಅಲೆಯಾಗಿತ್ತು, ಅಶೋಕನಿಗೆ ಎರಡು ಮೂಗಿತ್ತು. ಇರುವೆಯನ್ನು ಸ್ವಲ್ಪ ದೂರ ಓಡಿಸಿ ನೋಡಿದಳು. ಮೂಗು ಒಂದಾಯಿತು, ಕಿವಿ ಹೋಯಿತು. ದಿನಾ ಮಧ್ಯಾಹ್ನ ಇದೇ ಆಯಿತು. ಪಕ್ಷ ಶುರುವಾಯಿತು, ಅಮಾವಾಸ್ಯೆ ಹತ್ತಿರ ಬಂತು. ಸಿದ್ದಲಿಂಗಮ್ಮ ಏನಾಯಿತೆಂದು ಕೇಳುತ್ತಿರಲಿಲ್ಲ. ಕಾಫಿ ಲೋಟ ಮೇಜಿನ ಮೇಲಿಡುವಾಗ ಪರದೆಯ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು, ಅಷ್ಟೇ. ಹಾಗೆ ನೋಡಿ ಹೋಗುವುದು ಮಾಲಾಳಿಗೆ ಕೇಳುವುದಕ್ಕಿಂತ ಕಷ್ಟವಾಗುತ್ತಿತ್ತು.

ಒಂದು ದಿನ ಅವಳು, ಅವತ್ತು ಫೋನು ಹೇಗೆ ಹಿಡಿದಿದ್ದಿರಿ ತೋರಿಸಿ ಎಂದು ಅವರ ಕೈಗೆ ತನ್ನ ಫೋನು ಕೊಟ್ಟಳು. ಸಿದ್ದಲಿಂಗಮ್ಮ ಪರೇಡಿಗೆ ನಿಂತವರಂತೆ ನೆಟ್ಟಗೆ ನಿಂತು, ಎದೆಯ ಮಟ್ಟಕ್ಕೆ ಫೋನು ಹಿಡಿದು, ಹೆಬ್ಬೆರಳಲ್ಲಿ ಒತ್ತಿದರು. ಫೋಟೋ ಸ್ಪಷ್ಟವಾಗಿ ಬಂತು. ಮಬ್ಬುಗತ್ತಲಾದ ಮೇಲೆ ತಾರಸಿಯಲ್ಲಿ ಇನ್ನೊಂದು ಸಲ ತೆಗೆಸಿದಳು. ಅದೂ ಕದಲಿರಲಿಲ್ಲ.

ಆಗ ಮಾಲಾ ಆ ಕೈಯನ್ನು ಗಮನಿಸಿದಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ಇಡೀ ಆಯಸ್ಸು ಕಳೆದ ಕೈ. ಕುದಿಯುವ ಸಾರಿನ ದಬರಿಯನ್ನು ತುಂಬಿದಂತೆಯೇ ಎತ್ತಿ ಇಳಿಸಿದ್ದು. ಈಗಲೂ ಫಿಲ್ಟರಿನ ಡಿಕಾಕ್ಷನ್ನು ಲೋಟಕ್ಕೆ ಎತ್ತರದಿಂದ ಬಗ್ಗಿಸಿದರೆ ಒಂದು ತೊಟ್ಟು ಆಚೆ ಬೀಳುತ್ತಿರಲಿಲ್ಲ. ಈ ಕೈ ನಡುಗುವ ಕೈಯಲ್ಲ. ಹಾಗಾದರೆ ಅವತ್ತು ಆಗಿದ್ದು ನಡುಕವಲ್ಲ. ಮತ್ತೇನು ಎಂದು ಕೇಳಬೇಕೆಂದುಕೊಂಡಳು. ಸಿದ್ದಲಿಂಗಮ್ಮ ಆಗಲೇ ಒಣಗಿದ ಬಟ್ಟೆ ಎತ್ತಿಕೊಂಡು ಕೆಳಗಿಳಿಯುತ್ತಿದ್ದರು.

ಕೇಳುವ ಪ್ರಮೇಯ ಬರಲಿಲ್ಲ. ಮಾರನೆಯ ದಿನ ಕಮಲಮ್ಮ ಮೊಮ್ಮಗಳನ್ನು ಎತ್ತಿಕೊಂಡು ಮೇಲೆ ಬಂದರು.

ಕಮಲಮ್ಮ ಕೆಳಗಿನ ಮನೆಯವರು, ಮನೆ ಅವರದೇ. ಹಿಂದೆ ಅರಮನೆಯ ಕಚೇರಿಯಲ್ಲಿ ಕೆಲಸಕ್ಕಿದ್ದವರ ಮನೆತನ. ಅಶೋಕ ಮನೆಗೆ ಬಂದ ಹೊಸತರಲ್ಲಿ ಮೆಟ್ಟಿಲ ಬುಡದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವರು, ಅವನು ಹೋದ ದಿನ ಮೆಟ್ಟಿಲು ಹತ್ತಿ ಬಂದಿದ್ದರು. ಅವತ್ತಿನಿಂದ ಮೇಲೆಯೇ ಬಂದು ಕಾಫಿ ಕುಡಿಯುವುದು ರೂಢಿಯಾಗಿದೆ. ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿನ ಹೆಸರು ಲಹರಿ. ಹಲ್ಲಿಲ್ಲದ ಬಾಯಿ ತೆರೆದು ಎಲ್ಲರನ್ನೂ ನೋಡಿ ನಗುವ ಕಾಲ ಅದಕ್ಕೆ.

ಸಿದ್ದಲಿಂಗಮ್ಮ ಟಿವಿ ನೋಡುತ್ತಿದ್ದರು, ಕೈಯಲ್ಲಿ ರಿಮೋಟ್ ಇತ್ತು. ಮಗು ಅವರ ಮುಖ ನೋಡಿ ಕಿಲಕಿಲ ನಕ್ಕಿತು. ಅವರು ಹಾಗೇ ಎದ್ದು ಬಂದು, ರಿಮೋಟ್ ಕೆಳಗಿಡುವುದನ್ನೂ ಮರೆತು, ಅದನ್ನೇ ಮಗುವಿನ ಮುಖದ ಸುತ್ತ ನಿವಾಳಿಸಿದರು. ಒಂದು ಸುತ್ತು, ಎರಡು, ಮೂರು. ಮೂರನೆಯದು ಮುಗಿಯುವಾಗ ಮಣಿಕಟ್ಟನ್ನು ಆಚೆಗೊಮ್ಮೆ ಕೊಡವಿದರು, ಹಿಡಿದ ದೃಷ್ಟಿಯನ್ನು ಬೀದಿಗೆ ಎಸೆಯುವ ಹಾಗೆ. ಆಮೇಲೆ ರಿಮೋಟನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ತಮ್ಮ ಕಪಾಲಕ್ಕೆ ಒತ್ತಿ ನೆಟಿಕೆ ಮುರಿದರು.

"ಸಿದ್ದಲಿಂಗಮ್ಮಾ," ಎಂದರು ಕಮಲಮ್ಮ, "ದೃಷ್ಟಿ ತೆಗೀತಿದ್ದೀರೋ, ಚಾನಲ್ ಬದಲಾಯಿಸ್ತಿದ್ದೀರೋ?"

ಇಬ್ಬರು ಹೆಂಗಸರೂ ನಕ್ಕರು. ಮಾಲಾ ನಗಲಿಲ್ಲ. ಅವಳು ರಿಮೋಟನ್ನು ನೋಡುತ್ತಿದ್ದಳು. ಅದು ಗಾಳಿಯಲ್ಲಿ ಬರೆದ ಗೆರೆ ಇನ್ನೂ ಅಲ್ಲೇ ನಿಂತಿದೆ ಎನ್ನಿಸಿತು. ಕೆಳಗಿನಿಂದ ಎದ್ದು, ಎಡಕ್ಕೆ ಬಳುಕಿ, ಮೇಲೆ ಹೋಗಿ, ಬಲಕ್ಕೆ ಇಳಿದು ಬರುವ ಒಂದು ಸುತ್ತು, ಗಡಿಗೆಯ ಬಾಯಿಯಂತೆ. ಇರುವೆಯ ಓಡಾಟವಲ್ಲ. ಅದಕ್ಕಿಂತ ಎಷ್ಟೋ ದೊಡ್ಡದು, ದುಂಡನೆಯದು.

ಅವಳು ಎದ್ದು ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ಸುತ್ತನ್ನು ಹಾಗೇ ಕೊಡುವಂತಿರಲಿಲ್ಲ. ಫೋನು ಎಡಕ್ಕೆ ತಿರುಗಿದರೆ ಫೋಟೋದೊಳಗಿನ ದೀಪ ಬಲಕ್ಕೆ ಓಡುತ್ತದೆ, ಮೇಲೆ ಎತ್ತಿದರೆ ಕೆಳಗೆ ಇಳಿಯುತ್ತದೆ. ಗಡಿಗೆಯ ಬಾಯನ್ನು ತಲೆಕೆಳಗು ಮಾಡಿ ಬರೆದುಕೊಂಡಳು. ಅದನ್ನು ಇಟ್ಟುಕೊಂಡು ಬೆಟ್ಟದ ದೀಪಗಳ ಸಿಕ್ಕನ್ನು ನೋಡಿದರೆ, ಇಷ್ಟು ದಿನ ಶ್ಯಾವಿಗೆಯಾಗಿದ್ದದ್ದು ಒಂದರ ಪಕ್ಕ ಒಂದು ಜೋಡಿಸಿದ ಬಳೆಗಳಾಗಿ ಕಂಡಿತು. ಒಮ್ಮೆ ಕಂಡ ಮೇಲೆ ಕಾಣದಿರುವಂತೆ ಮಾಡಲು ಆಗಲಿಲ್ಲ. ಬಳೆ ಪೂರ್ತಿ ಇರಲಿಲ್ಲ. ಸುತ್ತು ಮುಗಿಯುವ ಮೊದಲೇ ಗೆರೆ ನಿಂತುಹೋಗಿತ್ತು. ಅಷ್ಟರಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿರಬೇಕು.

ಈ ಸುಳಿವನ್ನು ಪ್ರೋಗ್ರಾಮಿಗೆ ಕೊಟ್ಟಳು. ಅದು ಸುತ್ತನ್ನು ತಿದ್ದಿತು, ಚಿತ್ರವನ್ನು ತಿದ್ದಿತು, ಮತ್ತೆ ಸುತ್ತನ್ನು ತಿದ್ದಿತು. ಹೊರಗೆ ಕಮಲಮ್ಮ ಮಗುವಿಗೆ ಬೆಟ್ಟ ತೋರಿಸುತ್ತಿದ್ದರು. ಪರದೆಯ ಮೇಲೆ ಬೆಟ್ಟದ ದೀಪಗಳು ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು. ಆಮೇಲೆ ಕಂಬಿ ನೆಟ್ಟಗಾಯಿತು. ಕಂಬಿಯ ಮೇಲೆ ಒಣಹಾಕಿದ್ದ ಟವೆಲ್ಲಿನ ಅಂಚು ಬಂತು, ಅದು ಅವಳದೇ ಟವೆಲ್ಲು. ಶರಟಿನ ಚೌಕಳಿ ಬಂತು. ಹತ್ತಿರವಿದ್ದ ಮುಖಕ್ಕೆ ಸುತ್ತು ಕೊಂಚ ದೊಡ್ಡದಾಗಿರಬೇಕಿತ್ತು. ಅಳತೆ ಹಿಗ್ಗಿಸಿ ಮುಖವನ್ನು ಬೇರೆಯಾಗಿ ಮಾಡಿದಳು.

ಹಣೆ ಬಂತು. ಹುಬ್ಬಿನ ಮೇಲಿನ ಮಚ್ಚೆ ಬಂತು. ಕನ್ನಡಕ ಬಂತು, ಒಂದು ಕಡೆ ಸ್ವಲ್ಪ ತಗ್ಗಿ ಕೂತಿದ್ದ ಅವನ ಕನ್ನಡಕ. ರಿಪೇರಿ ಮಾಡಿಸಿಕೊಳ್ಳಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

ಮಾಲಾ ಪರದೆಯನ್ನು ಮುಟ್ಟಲಿಲ್ಲ. ದವಡೆಯ ಜೋಮು ಇಳಿಯುವಾಗ ಮೊದಲು ಸೂಜಿ ಚುಚ್ಚಿದಂತಾಗುತ್ತದೆ. ಎದೆಯಲ್ಲಿ ಅಂಥದ್ದೇನೋ ಆಯಿತು. ಅದು ಕೆಟ್ಟದ್ದೆನ್ನಿಸಲಿಲ್ಲ. ಹಾಗೇ ಕೂತಳು.

ಮುಖದ ಕೆಳಭಾಗ ಮಾತ್ರ ಪೂರ್ತಿ ತಿಳಿಯಾಗಲಿಲ್ಲ. ಬಾಯಿ, ಗದ್ದ, ಭುಜದ ಮೇಲಂಚು, ಅಲ್ಲಿ ಇನ್ನೂ ಒಂದು ಸಣ್ಣ ಅಲುಗಾಟ ಉಳಿದಿತ್ತು, ಮೇಲಿಂದ ಕೆಳಕ್ಕೆ. ಸುತ್ತಿನ ಲೆಕ್ಕ ಎಷ್ಟು ತಿದ್ದಿದರೂ ಅದು ಹೋಗಲಿಲ್ಲ. ಪಕ್ಕದ ಕಂಬಿ ಕಡ್ಡಿ ಗೀರಿದಷ್ಟು ಸ್ಪಷ್ಟವಾಗಿತ್ತು. ಎಂದರೆ ಇದು ಕೈಯ ತಪ್ಪಲ್ಲ. ಅಲ್ಲಿ ಅಲುಗಿದ್ದು ಕ್ಯಾಮೆರಾ ಅಲ್ಲ, 

ಅಶೋಕ.

ಕಮಲಮ್ಮ ಕೆಳಗಿಳಿದ ಮೇಲೆ ಅವಳು ಅತ್ತೆಯನ್ನು ಕರೆದಳು. ಸಿದ್ದಲಿಂಗಮ್ಮ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಕನ್ನಡಕ ಹಾಕಿಕೊಂಡರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಇಬ್ಬರೂ ಏಳಲಿಲ್ಲ.

"ನನ್ನೇ ನೋಡ್ತಾವ್ನೆ ಅಲ್ವಾ?" ಎಂದು ಕೊನೆಗೆ ಕೇಳಿದರು.

ಮಾಲಾ ಕನ್ನಡಕದ ಗಾಜನ್ನು ದೊಡ್ಡದು ಮಾಡಿ ತೋರಿಸಿದಳು. ಗಾಜಿನ ನಡುವೆ ನೀಲಿ ಅಂಚಿನ ಒಂದು ಸಣ್ಣ ಚೌಕವಿತ್ತು. ಅದು ಅವರು ಹಿಡಿದಿದ್ದ ಫೋನಿನ ಬೆನ್ನು, ಅಂಚಿನದು ಅದರ ಪರದೆಯ ಬೆಳಕು, ಅವನು ಅದರ ಕಡೆಗೇ ನೋಡುತ್ತಿದ್ದ ಎಂದಳು. ಫೋನಿನ ಹಿಂದೆ ಬರಿ ಕಪ್ಪು. ಅಲ್ಲಿ ಮುಖ ತೆಗೆಯಲು ತನ್ನಿಂದಾಗದು, ತೆಗೆದರೆ ಅದು ತಾನು ಬರೆದದ್ದಾಗುತ್ತದೆ ಎಂದೂ ಹೇಳಿದಳು.

"ಅದ್ರ ಹಿಂದೆ ನಾನೇ ಇದ್ನಲ್ಲ," ಎಂದರು ಸಿದ್ದಲಿಂಗಮ್ಮ. "ನಂಗೊತ್ತಿಲ್ವಾ."

ಮಾಲಾ ಈಗ ಮೆಲ್ಲಗೆ ಹೇಳಿದಳು. "ಅತ್ತೆ, ನಿಮ್ಮ ಕೈ ನಡುಗಿರಲಿಲ್ಲ. ನೀವು ಅವರಿಗೆ ನಿವಾಳಿಸ್ತಿದ್ರಿ."

ಸಿದ್ದಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಒಂದೊಂದೇ ಮಾತಾಗಿ ಹೊರಬಂತು. ಅವತ್ತು ಅಶೋಕ ಹೊಸ ಫೋನನ್ನು ಅವರ ಕೈಗೆ ಕೊಟ್ಟು, ಬಲವಂತ ಮಾಡಿ, ಹೀಗೆ ಹಿಡಿ ಹೀಗೆ ಒತ್ತು ಎಂದು ಕಲಿಸಿದ್ದ. ಅವರು ಒತ್ತಿದರು. ಒತ್ತಿದ ಕೂಡಲೇ ಮುಗಿಯಿತೆಂದು ಅವರ ಲೆಕ್ಕ. ಕತ್ತಲಲ್ಲಿ ಆ ಫೋನು ಕಣ್ಣು ಮುಚ್ಚಲು ನಿಧಾನವೆಂದು ಅವರಿಗೇನು ಗೊತ್ತು. ಫೋನಿನ ಗಾಜಿನ ಮೇಲೆ ಮಗನ ಮುಖ, ಹಿಂದೆ ಅಷ್ಟು ದೀಪ. ಅಷ್ಟು ಚೆಂದದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಯಾರ ಕಣ್ಣು ಎನ್ನುವುದಕ್ಕಿಂತ ತಮ್ಮ ಕಣ್ಣೇ ತಾಗೀತು ಎಂದು ಹೆದರಿಕೆಯಾಯಿತು. ಕೈಯಲ್ಲಿದ್ದದ್ದನ್ನೇ ನಿವಾಳಿಸಿದರು.

"ಅದ್ಕವ್ನು ನಕ್ಬುಟ್ಟ. 'ಅವ್ವಾ, ಅದು ಫೋನು ಕಣವ್ವ, ಮೆಣಸಿನಕಾಯಲ್ಲ. ಆಮೇಲೆ ಒಲೆಗಾಕ್ಬುಟ್ಟೀಯ' ಅಂದ."

ಮಾಲಾಳಿಗೆ ಅವನ ದನಿಯಲ್ಲೇ ಕೇಳಿಸಿತು.

"ನಂಗೆ ನಾಚ್ಕೆ ಆಗೋಯ್ತು. ನಿಲ್ಲಿಸ್ಬುಟ್ಟೆ. ಒಂದೇ ಸುತ್ತಾಗಿದ್ದುದ್ದು ಕಣವ್ವ. ಇನ್ನೆರಡು ತೆಗೀನೇ ಇಲ್ಲ. ನೆಟಿಕೆನೂ ಮುರೀಲಿಲ್ಲ."

ಅವರು ಅಳುತ್ತಿರಲಿಲ್ಲ. ಒಲೆಯ ಮೇಲಿಟ್ಟದ್ದನ್ನು ಇಳಿಸಲು ಮರೆತ ಹಾಗೆ ಹೇಳಿದರು. ಇಷ್ಟು ದಿನ ನಡುಕ ಎಂದದ್ದು ಯಾಕೆ ಎಂದು ಮಾಲಾ ಕೇಳಲಿಲ್ಲ. ಜ್ವರಕ್ಕೂ ಸುತ್ತಿಗೂ ಸಂಬಂಧವಿಲ್ಲ ಎಂದು ಹೇಳುವುದು ಸುಲಭವಿತ್ತು. ಅದು ಸಿದ್ದಲಿಂಗಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಹೊತ್ತುಕೊಂಡಿದ್ದರು.

ಸಿದ್ದಲಿಂಗಮ್ಮ ಪರದೆಗೆ ಬೆರಳು ತೋರಿಸಿ, ಬಾಯಿಯ ಹತ್ತಿರ ಇನ್ನೂ ಮಸುಕಾಗಿದೆಯಲ್ಲ, ಅದೂ ತಮ್ಮ ಕೈಯದೇ ಎಂದು ಕೇಳಿದರು. ಅಲ್ಲ ಎಂದಳು ಮಾಲಾ. ನಿಮ್ಮ ಕೈಯದನ್ನೆಲ್ಲ ತೆಗೆದಾಯಿತು. ಇದು ಅವರೇ ಅಲುಗಿದ್ದು, ನಗುತ್ತಿದ್ದರಲ್ಲ, ಅದು. ಬೇಕಾದರೆ ಇದನ್ನೂ ಬೇರೆಯಾಗಿ ಲೆಕ್ಕ ಹಾಕಬಹುದು, ಇನ್ನೊಂದೆರಡು ದಿನ ಹಿಡಿಯುತ್ತದೆ, ಅಮಾವಾಸ್ಯೆಯೊಳಗೆ ಆಗುತ್ತದೆ.

ಸಿದ್ದಲಿಂಗಮ್ಮ ಮುಖವನ್ನು ಪರದೆಗೆ ಹತ್ತಿರ ತಂದು ನೋಡಿದರು.

"ನಂದನ್ನ ತೆಗೆದ್ಯಲ್ಲ, ಸಾಕು," ಎಂದರು. "ಅವನ್ದು ಇರ್ಲಿ ಬುಡು."

ಕುಕ್ಕರ್ ಇನ್ನೊಂದು ಸಲ ಕೂಗಿತು. ಅವರು ಎದ್ದು ಹೋದರು.

ಷಡಕ್ಷರಿ ಪ್ರಿಂಟ್ ತೆಗೆಯುವ ಮೊದಲು, ಬಾಯಿಯ ಹತ್ತಿರ ಸ್ವಲ್ಪ ಶೇಕ್ ಉಳಿದಿದೆ ಮೇಡಂ, ನೋಡಿದಿರಾ ಎಂದು ಫೋನು ಮಾಡಿದರು. ನೋಡಿದ್ದೇನೆ, ಹಾಗೇ ತೆಗೆಯಿರಿ ಎಂದಳು. ಬರಿಯ ಕಟ್ಟಿನೊಳಗೆ ಅಶೋಕ ಬಂದು ಕೂತ.

ಅಮಾವಾಸ್ಯೆಯ ದಿನ ಮನೆ ತುಂಬ ನೆಂಟರು. ಎಲೆಯ ಮೇಲೆ ಬಾಡಿನ ಸಾರು, ಮುದ್ದೆ, ಅನ್ನ, ಕಜ್ಜಾಯ, ಅವನಿಗೆ ಇಷ್ಟವೆಂದು ಬೇಕರಿಯ ದಿಲ್‌ಪಸಂದ್ ಒಂದು ತುಂಡು. ಎಲೆಯ ಹಿಂದೆ ಫೋಟೋ. ಬಂದವರೆಲ್ಲ ಒಂದೇ ಮಾತು ಹೇಳಿದರು, ಈಗ ಏನೋ ಅನ್ನುವವನಂತಿದ್ದಾನೆ ಎಂದು. ಬಾಯಿ ಯಾಕೆ ಮಸುಕು ಎಂದು ಯಾರೂ ಕೇಳಲಿಲ್ಲ. ಸಿದ್ದಲಿಂಗಮ್ಮ ಬಡಿಸುತ್ತ ಓಡಾಡುವಾಗಲೆಲ್ಲ ಅದರ ಮುಂದೆ ಹಾದು ಹೋಗುತ್ತಿದ್ದರು. ಅಡುಗೆಮನೆಗೆ ಹತ್ತಿರದ ದಾರಿ ಇನ್ನೊಂದಿತ್ತು.

ಸಂಜೆ ನೆಂಟರೆಲ್ಲ ಹೊರಟ ಮೇಲೆ ಇಬ್ಬರೂ ತಾರಸಿಗೆ ಹೋದರು. ಬೆಟ್ಟದಲ್ಲಿ ದೀಪ ಹತ್ತುತ್ತಿತ್ತು. ದಸರೆಗೆ ಕಟ್ಟುವ ಬಲ್ಬಿನ ಸರಗಳನ್ನು ಬೀದಿಯ ಕಂಬಗಳಿಗೆ ಆಗಲೇ ಏರಿಸಿದ್ದರು, ಇನ್ನೂ ಬೆಳಗಿಸಿರಲಿಲ್ಲ. ಮಾಲಾ ಕಾಫಿ ಲೋಟ ಕೆಳಗಿಟ್ಟಳು. ಫೋನನ್ನು ಅತ್ತೆಯ ಕೈಗೆ ಕೊಟ್ಟು, ಅವರ ಎದುರಿಗೆ, ಕಂಬಿಯ ಹತ್ತಿರ ಹೋಗಿ ನಿಂತಳು.

"ಅತ್ತೆ, ಎರಡು ಸುತ್ತು ಬಾಕಿ ಇದೆಯಲ್ಲ. ನನಗೆ ತೆಗೀರಿ."

ಸಿದ್ದಲಿಂಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನಿನಗೆ ಯಾರು ದೃಷ್ಟಿ ಹಾಕುತ್ತಾರೆ, ಪೊರಕೆ ಕಡ್ಡಿಯಂತಾಗಿದ್ದೀಯ, ಉಣ್ಣುವುದೂ ಇಲ್ಲ, ಎಣ್ಣೆ ಹಚ್ಚುವುದೂ ಇಲ್ಲ ಎಂದು ಬೈದರು. ಬೈಯುತ್ತಲೇ ಹತ್ತಿರ ಬಂದರು. ಫೋನು ಹಿಡಿದ ಕೈ ಕೆಳಗಿನಿಂದ ಎದ್ದು, ಎಡಕ್ಕೆ ಬಳುಕಿ, ಮೇಲೆ ಹೋಗಿ, ಬಲಕ್ಕೆ ಇಳಿಯಿತು. ಇನ್ನೊಮ್ಮೆ. ಕೊನೆಗೆ ಮಣಿಕಟ್ಟನ್ನು ಆಚೆಗೆ ಕೊಡವಿದರು, ಬೆಟ್ಟದ ದಿಕ್ಕಿಗೆ.

"ಒಲೆಗೆ ಹಾಕ್ಬಿಟ್ಟೀರ, ಫೋನು ಅದು," ಎಂದಳು ಮಾಲಾ. ತನ್ನ ಬಾಯಿಂದ ಆ ಮಾತು ಬಂದದ್ದು ಅವಳಿಗೇ ಆಶ್ಚರ್ಯ. ನಗು ಎಲ್ಲಿತ್ತೋ, ಬಂತು. ಭುಜ ಕುಲುಕುವಷ್ಟು ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಿಲ್ಲಿಸಲು ಹೋಗಲಿಲ್ಲ.

ಸಿದ್ದಲಿಂಗಮ್ಮ ಈ ಸಲ ನಿಲ್ಲಿಸಲಿಲ್ಲ. ಫೋನನ್ನು ಕಂಕುಳಿಗೆ ಸಿಕ್ಕಿಸಿ, ಕೈ ಎರಡನ್ನೂ ಕಪಾಲಕ್ಕೆ ಒತ್ತಿದರು. ಹತ್ತು ಬೆರಳಿನಲ್ಲೂ ನೆಟಿಕೆ ಬಂತು, ಒಂದರ ಹಿಂದೊಂದು, ಒಣ ಪುರಳೆ ಮುರಿದ ಹಾಗೆ.

"ನೋಡ್ದಾ, ಎಷ್ಟೊಂದಿತ್ತು," ಎಂದು ಖಾಲಿ ಲೋಟ ಎತ್ತಿಕೊಂಡು, ಪಾತ್ರೆ ತೊಳೆಯಲು ಕೆಳಗಿಳಿದರು.